ಗೀರಿಲ್ಲದ ಫೋರ್ಕು

ಶಟರ್ ಮಂಡಿಯೆತ್ತರಕ್ಕೆ ಬಂದು ಸಿಕ್ಕಿಕೊಂಡಿತು. ಜೈಬಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಎರಡೂ ಕೈಯಿಂದ ಮತ್ತೊಮ್ಮೆ ಎತ್ತಿದಳು. ಅದು ಕಿರುಗುಟ್ಟಿತೇ ಹೊರತು ಮೇಲೇಳಲಿಲ್ಲ. ಕೊನೆಗೆ ಬಗ್ಗಿ, ನೆಲಕ್ಕೆ ಕೈಯೂರಿ ಒಳಗೆ ನುಸುಳಿದಳು. ಇಪ್ಪತ್ತು ದಿನದಿಂದ ಅವಳು ಈ ಸೈಕಲ್ ಅಂಗಡಿಗೆ ಕಾಲಿಟ್ಟಿರಲಿಲ್ಲ.

ಬಂದಿದ್ದು ಆಧಾರ್ ಕಾರ್ಡಿಗೆ. ಬೆಳಗಿನ ನಮಾಜಿಗೆಂದು ಎದ್ದ ಅವಳ ಅಬ್ಬಾ ನಯಾಜ್ ಅಹಮದ್, ನಲ್ಲಿ ತಿರುಗಿಸಿದವರು ಅಲ್ಲೇ ಗೋಡೆಗೆ ಒರಗಿ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ. ಒಂದು ಗಂಟೆಗೆ ಮನೆಯಿಂದ ಎತ್ತುವುದು, ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಎಂದು ತೀರ್ಮಾನವಾಗಿತ್ತು. ಖಬರಸ್ತಾನದ ರಿಜಿಸ್ಟರಿಗೆ ಆಧಾರ್ ಜೆರಾಕ್ಸ್ ಬೇಕೆಂದು ಮಸೀದಿಯವರು ಕೇಳಿದ್ದರು. ಅಬ್ಬಾ ಅಂಥದ್ದನ್ನೆಲ್ಲ ಮನೆಯಲ್ಲಿ ಇಡುತ್ತಿರಲಿಲ್ಲ. ಅಂಗಡಿಯ ಮೇಜಿನ ಡ್ರಾಯರೇ ಅವರ ಬೀರು.

ಕಾರ್ಡು ಸಿಕ್ಕಿತು. ಡ್ರಾಯರನ್ನು ಮುಚ್ಚಲು ಹೋದರೆ ಹಿಂದೆ ಏನೋ ಅಡ್ಡ ಬರುತ್ತಿತ್ತು. ಮೇಜಿನ ಸಂದಿಗೆ ಕೈ ಹಾಕಿ ಎಳೆದಳು. ಹಳೆಯ ಪೇಪರಿನಲ್ಲಿ ಸುತ್ತಿದ, ಕಪ್ಪು ಬಣ್ಣ ಬಳಿದ ಫೋರ್ಕು. ಸೈಕಲ್ಲಿನ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ಕವೆ. ಬಿರುಕು ಬಿಟ್ಟಿದೆ ಎಂದು ತೆಗೆದಿಟ್ಟದ್ದು ಇದೇ ಇರಬೇಕು, ಅಬ್ಬಾ ಕೊನೆಗೂ ಇದನ್ನು ಗರಗಸಕ್ಕೆ ಕೊಡಲಿಲ್ಲ ಎಂದುಕೊಂಡಳು. ಅಭ್ಯಾಸಬಲದಿಂದ ಹೆಬ್ಬೆರಳು ಎಡಗಾಲಿನ ಒಳಮೈಯನ್ನು ತಡವಿತು. ಅಲ್ಲಿ ಅವಳೇ ಅರದಿಂದ ಉಜ್ಜಿ ಮಾಡಿದ್ದ ಎರಡು ಅಡ್ಡ ಗೀರುಗಳಿರಬೇಕಿತ್ತು.

ಇರಲಿಲ್ಲ.

ಬಲಗಾಲನ್ನು ತಡವಿದಳು. ಅಲ್ಲೂ ನುಣುಪು. ಶಟರಿನ ಕೆಳಗಿನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಗೀರಿಲ್ಲ. ಇದು ಹೊಸ ಫೋರ್ಕು. ಹಾಗಾದರೆ ಬಿರುಕು ಬಿಟ್ಟದ್ದು ಗುಬ್ಬಿಯ ಬಿಂದುಶ್ರೀಯ ಸೈಕಲ್ಲಿನಲ್ಲಿದೆ. ಅಬ್ಬಾ ಅದನ್ನು ಕೂರಿಸಿ ಕೊಟ್ಟು ಐದು ದಿನವಾಗಿತ್ತು.

ಬಿಂದುಶ್ರೀಗೆ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಅವಳ ಅಪ್ಪ ಕದರಯ್ಯ ಮೊದಲ ರಿಂಗಿಗೇ ಎತ್ತಿದ.

"ಸುದ್ದಿ ಕೇಳಿ ಕೈಕಾಲೇ ಆಡ್ಲಿಲ್ಲ ಕಣವ್ವಾ. ಗುಬ್ಬಿ ಬಸ್‌ಸ್ಟ್ಯಾಂಡಲ್ಲೇ ಇದೀವಿ. ಬಸ್ಸು ಇನ್ನೂ ಬಂದಿಲ್ಲ."

"ಬಿಂದು ನಿಮ್ಜೊತೆ ಇದಾಳಾ ಅಣ್ಣಾ?"

"ಎಲ್ಲಿ! ಸೈಕಲ್ ಹತ್ಕಂಡು ಆಗ್ಲೇ ಹೊಂಟೋದ್ಲು. ಬ್ಯಾಡ ಕಣೇ, ಹೈವೇ ಅದು ಅಂದ್ರೂ ಕೇಳ್ಲಿಲ್ಲ. ಅವ್ರು ಕಟ್ಟಿಕೊಟ್ಟ ಸೈಕಲ್ಲಲ್ಲೇ ಬಂದು ಅವ್ರಿಗೆ ಕೈಮುಗೀತೀನಿ ಅಂದ್ಲು. ನಂಗೂ ಸರಿ ಅನ್ನುಸ್ತು."

"ಎಷ್ಟೊತ್ತಾಯ್ತು?"

"ಕಾಲುಗಂಟೆ ಆಗಿರ್ಬೌದು. ಫೋನು ಬ್ಯಾಗಲ್ಲಿ ಇರ್ತದೆ, ಓಡಿಸುವಾಗ ಎತ್ತಲ್ಲ. ಯಾಕವ್ವಾ?"

ಹೇಳಿಬಿಡಬಹುದಿತ್ತು. ಯಾರದಾದರೂ ಬೈಕಿನಲ್ಲಿ ಹಿಂದೆಯೇ ಹೋಗಿ ನಿಲ್ಲಿಸಿ ಎನ್ನಬಹುದಿತ್ತು. ಅಬ್ಬಾನ ಕೈ ತಪ್ಪಿತೆಂದು ಇವತ್ತೇ ಹೇಳಲು ಬಾಯಿ ಬರಲಿಲ್ಲ; ಜೈಬಾಳ ನಾಲಿಗೆಯ ತುದಿಗೆ ಬಂದದ್ದು ಬೇರೆಯೇ ಮಾತು.

"ಏನಿಲ್ಲ ಅಣ್ಣಾ. ಸುಮ್ನೆ ಕೇಳ್ದೆ."

*

ಆ ಫ್ರೇಮು ಕುಣಿಗಲ್ಲಿನಿಂದ ಬಂದಿತ್ತು. ಅಲ್ಲಿನ ಗುಜರಿ ಅಂಗಡಿಯ ಗಂಗಹನುಮಯ್ಯ ಒಳ್ಳೆಯ ಕಬ್ಬಿಣ ಕಂಡರೆ ನಯಾಜರಿಗೆ ಹೇಳಿ ಕಳಿಸುತ್ತಿದ್ದ. ಚಕ್ರವಿಲ್ಲ, ಸೀಟಿಲ್ಲ, ಚೈನಿಲ್ಲ; ತುಕ್ಕು ಹಿಡಿದ ಮೂರು ಕೊಳವೆ, ಮುಂದೆ ಒಂದು ಫೋರ್ಕು. "ಫ್ರೇಮು ಗಟ್ಟಿ ಅದೆ ಸಾಬ್ರೇ, ಮುಂದ್ಗಡೆದು ಮಾತ್ರ ನಂಬ್ಬ್ಯಾಡಿ" ಎಂದಿದ್ದನಂತೆ. ಯಾಕೆ ಎಂದು ಕೇಳಿದರೆ ತಕ್ಕಡಿಯ ಕಡೆ ತಿರುಗಿಕೊಂಡನಂತೆ.

ನಯಾಜ್ ಫೋರ್ಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿಟ್ಟರು. ಸ್ವಲ್ಪ ಹೊತ್ತಿಗೆ ಎರಡು ಕಾಲುಗಳು ಕೂಡುವ ಜಾಗದಲ್ಲಿ, ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ಮೂಡಿತು. ಜೈಬಾಳಿಗೆ ತೋರಿಸಿ, "ಇದು ಸುಮ್ನೆ ಕೂತ್ಕೊಂಡಿರೋ ಸಾವು. ಗುರುತು ಹಾಕು" ಎಂದರು. ಅವಳು ಅರ ತೆಗೆದುಕೊಂಡು ಎರಡು ಗೀರು ಎಳೆದಳು.

ಬಿಂದುಶ್ರೀ ಕಾಲೇಜು ಹುಡುಗಿ, ಜಿಲ್ಲಾ ಮಟ್ಟದ ಸೈಕಲ್ ರೇಸಿಗೆ ಹೋಗುತ್ತಿದ್ದಳು. ಅಂಗಡಿಯಲ್ಲಿ ಸಿಗುವ ರೇಸ್ ಸೈಕಲ್ಲು ಕೊಳ್ಳುವುದು ಕದರಯ್ಯನ ಕೈಲಾಗದ ಮಾತು. ಆರಿಸಿ ಆರಿಸಿ ಕಟ್ಟೋಣ ಎಂದರು ನಯಾಜ್. ಎರಡು ತಿಂಗಳು ಪ್ರತಿ ಶನಿವಾರ ಅವಳು ಬಸ್ಸಿನಲ್ಲಿ ಬಂದು, ಹಗ್ಗಕ್ಕೆ ನೇತುಹಾಕಿದ ಬರಿ ಫ್ರೇಮಿನ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು.

"ಅಂಕಲ್, ರಿಮ್ಮಿಗೆ ಮೂವತ್ತೆರಡು ಕಡ್ಡಿ ಸಾಕು. ಹಗುರ ಆಗುತ್ತೆ."

"ಮೂವತ್ತಾರು."

"ರೇಸಲ್ಲಿ ಎಲ್ರದ್ದೂ ಕಮ್ಮಿನೇ ಇರೋದು."

"ಅವ್ರು ರೇಸಲ್ಲಿ ಓಡಿಸ್ತಾರೆ. ನೀನು ದಿನಾ ಗುಬ್ಬಿ ರಸ್ತೇಲಿ ಓಡಿಸ್ತೀಯ. ಹಗುರ ಬೇಕಾದ್ರೆ ಬ್ಯಾಗಿಂದ ಪುಸ್ತಕ ಇಳಿಸಮ್ಮ, ರಿಮ್ಮಿಂದ ಕಡ್ಡಿ ಇಳಿಸಬೇಡ."

ಪೆಡಲಿನ ನಡುವಿನ ಅಚ್ಚಿಗೆ ಸೀಲ್ ಮಾಡಿದ ಬೇರಿಂಗ್ ಬೇಡ, ಬಿಡಿ ಬಾಲ್ಸೇ ಇರಲಿ, ದಾರಿಯಲ್ಲಿ ಕೆಟ್ಟರೆ ಯಾವ ಊರಿನ ಪಂಚರ್ ಅಂಗಡಿಯವನೂ ಬಿಚ್ಚಬಲ್ಲ ಎಂದರು. ಸೀಟು ಆರಿಸುವ ದಿನ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಕೊಟ್ಟು, "ಇದ್ರ ಮೇಲೆ ಗಟ್ಟಿಯಾಗಿ ಕೂತ್ಕೊ, ಎಲ್ಲಿ ತಗ್ಗು ಬೀಳುತ್ತೋ ಜೈಬಾ ಅಳತೆ ತಗೋತಾಳೆ" ಎಂದು ತಾವು ರಸ್ತೆಗೆ ಮುಖ ಮಾಡಿ ನಿಂತರು. ಹುಡುಗಿಯರಿಬ್ಬರೂ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದರು. ಜೈಬಾಳಿಗೆ ಮೂವತ್ತೈದು. ಗಂಡನ ಮನೆಯಿಂದ ವಾಪಸು ಬಂದು ಆರು ವರ್ಷ. ಹುಡುಗಿ ಎಂದು ಅವಳಿಗೇ ಅನ್ನಿಸಿದ್ದು ಬಹಳ ದಿನಗಳ ಮೇಲೆ.

ಹೊಸ ಫೋರ್ಕಿಗೆ ಬೆಂಗಳೂರಿಗೆ ಹೇಳಿ ಮೂರು ವಾರ ಕಾದರು. ಅದು ಬಂದ ಮೇಲೆ ಫ್ರೇಮಿನ ಜೊತೆಯಲ್ಲೇ ಕಪ್ಪು ಬಣ್ಣಕ್ಕೆಂದು ಸತ್ಯಮಂಗಲದ ಒಂದು ಶೆಡ್ಡಿಗೆ ಕಳಿಸಿದರು. ಮೂಟೆಯಲ್ಲಿ ಹಳೆಯ ಫೋರ್ಕೂ ಸೇರಿಕೊಂಡಿತ್ತು. ಶೆಡ್ಡಿನವರು ಕೇಳಲು ಹೋಗದೆ ಎಲ್ಲಕ್ಕೂ ಬಣ್ಣ ಹೊಡೆದು ಕಳಿಸಿದರು. ಬಣ್ಣದ ಕೆಳಗೆ ಬಿರುಕು ಮುಚ್ಚಿಹೋಯಿತು. ಗೀರು ಮಾತ್ರ ಉಗುರಿಗೆ ಸಿಗುತ್ತಿತ್ತು.

"ನಾಳೆ ಗರಗಸ ಹಾಕ್ತೀನಿ" ಎಂದಿದ್ದರು ಅಬ್ಬಾ.

*

ಸದಾಶಿವನಗರದ ಮನೆಯ ಮುಂದೆ ಶಾಮಿಯಾನ ಬಿದ್ದಿತ್ತು. ಜೈಬಾ ಓಡುತ್ತಲೇ ಬಂದು ಆಧಾರ್ ಕಾರ್ಡನ್ನು ಅಣ್ಣ ಅತೀಕನ ಕೈಗಿಟ್ಟಳು. ಅತೀಕ್ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಮಕ್ಕಳೊಡನೆ ಆ ಕಡೆಯೇ ಮನೆ ಮಾಡಿದ್ದ. ಅವನ ಪಕ್ಕದ ಕುರ್ಚಿಯಲ್ಲಿ, ಅದೇ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದು ರಿಟೈರಾದ ತಿಮ್ಮರಾಜು ಕೂತು, ಯಾರು ಕೇಳಲಿ ಬಿಡಲಿ, ಮಾತಾಡುತ್ತಿದ್ದ.

"ಮೂವತ್ತೊಂದು ವರ್ಷ ಹಿರೇಹಳ್ಳಿಗೆ ಸೈಕಲ್ಲಲ್ಲೇ ಹೋಗಿ ಬಂದಿದೀನಿ. ಒಂದಿನ, ಒಂದೇ ಒಂದಿನ ನನ್ನ ಕೆಳಗೆ ಬೀಳಿಸ್ಲಿಲ್ಲ ನಯಾಜಣ್ಣನ ಕೈ. ಮೊನ್ನೆ ಬ್ರೇಕು ಕಟ್ಟಿಕೊಟ್ರು. ಕಣ್ಮುಚ್ಕಂಡು ಹತ್ತು ತಿಮ್ಮಾ ಅಂದ್ರು."

ಜೈಬಾ ‘ಮೊನ್ನೆ’ ಎಂಬ ಮಾತಿಗೆ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಒಳಗಿನ ಮೊಳೆಯಿಂದ ಸ್ಕೂಟರಿನ ಕೀ ತೆಗೆದುಕೊಂಡು ಬಂದವಳನ್ನು ಅತೀಕ್ ಬಾಗಿಲಲ್ಲೇ ತಡೆದ. ಮನೆಯ ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ.

"ಎಲ್ಲಿಗೆ? ಕಫನ್ ಹೊದಿಸಿ ಆಗಿದೆ. ಹೆಂಗಸರು ಮುಖ ನೋಡ್ತಾ ಇದಾರೆ. ಇನ್ನು ಇಪ್ಪತ್ತು ನಿಮಿಷಕ್ಕೆ ಎತ್ತುತ್ತೀವಿ."

"ಬೇಗ ಬರ್ತೀನಿ ಭಾಯ್."

"ಇವತ್ತು ಹೋಗೋಂಥ ಕೆಲಸ ಏನಿದೆ ನಿಂಗೆ?"

ಎರಡು ವರ್ಷದಿಂದ ಇವನು ಪ್ರತಿ ಭಾನುವಾರ ಬಂದು ಅಬ್ಬಾನ ಕಣ್ಣು ಹೇಗಿದೆ ಎಂದು ಅವಳನ್ನೇ ಕೇಳುತ್ತಿದ್ದ. ಸರಿಯಾಗಿಲ್ಲ ಎಂದರೆ ಅಂಗಡಿ ಮುಚ್ಚಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಅಂಗಡಿ ಮುಚ್ಚಿದರೆ ಅಬ್ಬಾ ಉಳಿಯುವುದಿಲ್ಲವೆಂದು, ಕಣ್ಣು ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಾ ಬಂದಿದ್ದಳು. ಅಂಗಡಿ ಮುಚ್ಚಿದರೆ ತನಗೂ ಬೆಳಗಾದರೆ ಹೋಗಲು ಒಂದು ಜಾಗವಿಲ್ಲ ಎಂಬುದನ್ನು ಮಾತ್ರ ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಒಳಗಿನಿಂದ ಅಮ್ಮಿ ಮೆಹತಾಬ್ ಎದ್ದು ಬಂದರು. ಮಗಳ ಮುಖ ನೋಡಿ, ತೋಳು ಹಿಡಿದು ಬಚ್ಚಲ ಪಕ್ಕಕ್ಕೆ ಕರೆದೊಯ್ದರು. ಜೈಬಾ ಎರಡೇ ಮಾತಿನಲ್ಲಿ ಹೇಳಿದಳು. ಮೆಹತಾಬ್ ತಸ್ಬೀಹಿನ ಮಣಿ ತಿರುಗಿಸುವುದನ್ನು ನಿಲ್ಲಿಸಿದರು.

"ಆ ಹುಡುಗಿ ಬರ್ತಾ ಇದಾಳಾ, ಅದರ ಮೇಲೆ?"

"ಹ್ಞೂಂ."

"ಒಳಗೆ ಬಂದು ಒಂದ್ಸಲ ನೋಡ್ಕೊಂಡು ಹೋಗು. ಆಮೇಲೆ ಆ ಮುಖ ಸಿಗಲ್ಲ ನಿಂಗೆ."

ಜೈಬಾ ಒಳಕೋಣೆಯ ಕಡೆ ನೋಡಿದಳು. ಹೆಂಗಸರ ಬೆನ್ನುಗಳ ಸಾಲು ಬಾಗಿಲವರೆಗೂ ಇತ್ತು. ಅವರನ್ನೆಲ್ಲ ಸರಿಸಿ, ಹೋಗಿ, ನೋಡಿ, ಬರುವುದಕ್ಕೆ ಐದು ನಿಮಿಷ. ಐದು ನಿಮಿಷಕ್ಕೆ ಬಿಂದುಶ್ರೀ ಎರಡು ಕಿಲೋಮೀಟರ್ ಹೆಚ್ಚು ಬಂದಿರುತ್ತಾಳೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಹಾಗಾದ್ರೆ ನಿಲ್ಲಬೇಡ. ನಿನ್ನ ಪಾಲಿಂದೂ ನಾನು ನೋಡ್ಕೋತೀನಿ" ಎಂದು ಮೆಹತಾಬ್ ಅವಳನ್ನು ಹಿಂಬಾಗಿಲಿನಿಂದ ದಬ್ಬಿದರು.

*

ಇಪ್ಪತ್ತು ದಿನದ ಹಿಂದೆ ಒಂದು ಸಂಜೆ ನಯಾಜ್ ಅಂಗಡಿಯಿಂದ ಮಸೀದಿಗೆ ಹೊರಟವರು ಟೋಪಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ಜೈಬಾ ಹಾಲಿನವನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಅವರು ಆಗಷ್ಟೇ ಬಿಗಿದಿದ್ದ ಚಕ್ರದ ನಟ್ಟನ್ನು ಮತ್ತೆ ಬಿಗಿಯುತ್ತಿದ್ದಳು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದಿನದಿಂದ?"

ಅವಳು ತಲೆಯೆತ್ತಲಿಲ್ಲ. "ಎರಡು ವರ್ಷ ಆಯ್ತು ಅಬ್ಬಾ."

ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣನ್ನು ಹಿಡಿದಿತ್ತು. ಎದುರಿಗೆ ನಿಂತವರ ಮುಖ ಕಾಣುತ್ತಿತ್ತು, ನಟ್ಟಿನ ಅಂಚು ಕಾಣುತ್ತಿರಲಿಲ್ಲ. ಆಮೇಲೆ ಬೆರಳ ತುದಿಗಳು ಜೋಮು ಹಿಡಿದವು. ಸೂಜಿ ಚುಚ್ಚಿದರೂ ಗೊತ್ತಾಗದು. ಆದರೂ ನಲವತ್ತೆರಡು ವರ್ಷದ ಕೈ, ತಾನಾಗಿಯೇ ಸಾಮಾನು ಹುಡುಕಿಕೊಳ್ಳುತ್ತಿತ್ತು. ಹತ್ತರಲ್ಲಿ ಒಂಬತ್ತು ಸರಿಯಾಗಿಯೇ ಇರುತ್ತಿತ್ತು. ಆ ಹತ್ತನೆಯದಕ್ಕಾಗಿ ಜೈಬಾ ದಿನವೂ ಅವರು ಹೋದ ಮೇಲೆ ಉಳಿಯುತ್ತಿದ್ದಳು.

ನಯಾಜ್ ಸ್ಟೂಲಿನ ಮೇಲೆ ಕೂತರು. ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

"ಹಾಗಾದ್ರೆ ಎರಡು ವರ್ಷದಿಂದ ಈ ಅಂಗಡಿ ನಂದಲ್ಲ. ಜನ ಸಲಾಂ ಹೇಳ್ತಿದ್ದದ್ದೂ ನನಗಲ್ಲ."

"ಹಾಗಲ್ಲ ಅಬ್ಬಾ..."

"ಬಿಂದೂದು ನಾನೊಬ್ಬನೇ ಕೂರಿಸ್ತೀನಿ. ಮೊದಲಿಂದ ಕೊನೆವರೆಗೂ. ನೀನು ಮುಟ್ಟಬೇಡ. ಅದನ್ನಲ್ಲ, ಯಾವುದನ್ನೂ ಮುಟ್ಟಬೇಡ. ಒಳಗೇ ಬರಬೇಡ. ನನ್ನ ಮೇಲೆ ಆಣೆ ಇಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. ಆದರೆ ಅವರು ಬೇಡಿಕೊಳ್ಳುತ್ತಿದ್ದರು. ಅವಳು ಅವರ ತಲೆಯ ಮೇಲೆ ಕೈಯಿಟ್ಟಳು.

*

ಗುಬ್ಬಿ ರಸ್ತೆಯಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಹೆಗ್ಗೆರೆ ದಾಟಿತು. ಎದುರಿನಿಂದ ಬರುವ ಪ್ರತಿಯೊಂದು ಸೈಕಲ್ಲನ್ನೂ, ಸೈಕಲ್ಲಿನಂತೆ ಕಂಡದ್ದನ್ನೂ ಜೈಬಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ರಸ್ತೆಯ ಬದಿ ಒಂದು ಕಡೆ ನಾಲ್ಕು ಜನ ಗುಂಪಾಗಿ ಬಗ್ಗಿ ನಿಂತಿದ್ದರು. ಅವಳ ಕೈ ತಾನಾಗಿಯೇ ಬ್ರೇಕು ಹಿಡಿಯಿತು. ಕರುವೊಂದಕ್ಕೆ ಗಾಡಿ ಬಡಿದಿತ್ತು. ಅದರ ಬಾಯಲ್ಲಿ ಇನ್ನೂ ನೊರೆಯಿತ್ತು. ಅವಳು ಮತ್ತೆ ಗಾಡಿ ಓಡಿಸಿದಳು.

ಮಲ್ಲಸಂದ್ರಕ್ಕೆ ಮುಂಚೆ ಒಂದು ಮೇಲ್ಸೇತುವೆ. ಅವಳು ಅದರ ಏರಿನ ನಡುವೆ ಇದ್ದಾಗ, ಡಿವೈಡರಿನ ಆಚೆ, ಸೇತುವೆಯ ನೆತ್ತಿಯ ಮೇಲೆ ಹಳದಿ ಹೆಲ್ಮೆಟ್ಟು ಕಂಡಿತು. ಬಿಂದುಶ್ರೀ ಹ್ಯಾಂಡಲಿನ ಮೇಲೆ ಪೂರ್ತಿ ಬಗ್ಗಿದ್ದಳು. ಇಳಿಜಾರು ಹಿಡಿದಿದ್ದಳು.

"ಬಿಂದೂ! ನಿಲ್ಸೇ! ಬಿಂದೂ!"

ಒಂದು ಲಾರಿ ಅವಳ ಕೂಗನ್ನು ಹೊತ್ತುಕೊಂಡು ಹೋಯಿತು. ಕಪ್ಪು ಸೈಕಲ್ಲು ಕಣ್ಣೆದುರೇ ಸರ್ರನೆ ಕೆಳಗಿಳಿಯಿತು. ಜೈಬಾ ಸ್ಕೂಟರ್ ನಿಲ್ಲಿಸಿ ಕತ್ತು ತಿರುಗಿಸಿ ನೋಡಿದಳು. ಸೇತುವೆಯ ಕೊನೆಯಲ್ಲಿ ರಸ್ತೆ ಕೂಡುವ ಕಡೆ ಒಂದು ಉಬ್ಬು ಇದೆ. ಬರುವಾಗ ಅವಳ ಸ್ಕೂಟರೇ ಅಲ್ಲಿ ಎಗರಿತ್ತು. ಹಳದಿ ಚುಕ್ಕೆ ಆ ಉಬ್ಬಿನ ಮೇಲೆ ಒಮ್ಮೆ ಎದ್ದು ಬಿದ್ದಿತು. ಚುಕ್ಕೆ ಮುಂದೆ ಹೋಗುತ್ತಲೇ ಇತ್ತು.

ಡಿವೈಡರಿನಲ್ಲಿ ಸಂದಿ ಸಿಗುವ ಹೊತ್ತಿಗೆ ಒಂದೂವರೆ ಕಿಲೋಮೀಟರ್ ಹೋಗಬೇಕಾಯಿತು. ತಿರುಗಿ ಬಂದು, ಹಾರ್ನು ಒತ್ತಿಹಿಡಿದೇ ಓಡಿಸಿ, ಕೊನೆಗೆ ಒಂದು ಟೀ ಅಂಗಡಿಯ ಹತ್ತಿರ ಹಳದಿ ಹೆಲ್ಮೆಟ್ಟಿನ ಪಕ್ಕಕ್ಕೆ ಬಂದಳು. ಎಡಗೈ ಚಾಚಿ ಸೀಟಿನ ಹಿಂಭಾಗ ಹಿಡಿದುಕೊಂಡಳು.

"ಅಯ್ಯೋ, ಜೈಬಕ್ಕಾ! ನೀವ್ಯಾಕೆ ಇಲ್ಲಿ? ಇವತ್ತು..."

"ಮೆಲ್ಲಗೆ ಕಾಲು ಕೊಡು. ಬ್ರೇಕ್ ಒತ್ತಬೇಡ. ಮುಂದಿನ ಬ್ರೇಕ್ ಒತ್ತಲೇಬೇಡ."

ಹುಡುಗಿ ಇಳಿದಳು. ಜೈಬಾಳ ಮುಖ ನೋಡಿ ಅವಳ ಬಣ್ಣವೂ ಇಳಿಯಿತು. "ಯಾಕಕ್ಕಾ? ಸ್ವಲ್ಪ ಹೊತ್ತಿಂದ ಹ್ಯಾಂಡಲ್ ಒಂದು ಕಡೆ ಎಳೀತಿತ್ತು. ಗಾಳಿ ಅನ್ಕೊಂಡೆ."

ಜೈಬಾ ಸ್ಕೂಟರಿನ ಡಿಕ್ಕಿಯಿಂದ ಸ್ಪ್ಯಾನರ್ ತೆಗೆದು, ಅಲ್ಲೇ ಮಣ್ಣಿನಲ್ಲಿ ಕೂತು ಮುಂದಿನ ಚಕ್ರ ಬಿಚ್ಚಿದಳು. ಎಡಗಾಲಿನ ಒಳಮೈಯಲ್ಲಿ ಎರಡು ಗೀರು. ಮೇಲೆ, ಕಾಲುಗಳು ಕೂಡುವ ಕಡೆ, ಕಪ್ಪು ಬಣ್ಣ ಸಿಡಿದು ಒಳಗಿನ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಸಂದಿಯೊಳಗೆ ಉಗುರು ಹೋಗುತ್ತಿತ್ತು. ಅವಳು ಫೋರ್ಕನ್ನು ಬಿಚ್ಚಿ, ಒಂದು ಕಾಲನ್ನು ಟೀ ಅಂಗಡಿಯ ಮುಂದಿನ ಚಪ್ಪಡಿಯ ಸಂದಿಗೆ ಸಿಕ್ಕಿಸಿ, ಮೇಲಿನ ಕೊಳವೆಯನ್ನು ಎರಡೂ ಕೈಯಿಂದ ಜಗ್ಗಿದಳು. ಕಬ್ಬು ಮುರಿದಷ್ಟು ಸುಲಭವಾಗಿ ಅದು ಲಟಕ್ಕೆಂದು ಮುರಿಯಿತು.

ಬಿಂದುಶ್ರೀ ಟೀ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು.

"ಅಬ್ಬಾಗೆ ಕಾಣಿಸ್ತಿರ್ಲಿಲ್ಲ" ಎಂದಳು ಜೈಬಾ. "ನಂಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ನಿಂದನ್ನ ನಾನು ಒಂದ್ಸಲ ಮುಟ್ಟಿ ನೋಡಿದ್ರೆ ಸಾಕಾಗಿತ್ತು. ನೋಡ್ಲಿಲ್ಲ."

ಹುಡುಗಿ ಬೈಯುತ್ತಾಳೆ ಎಂದು ಕಾದಳು. ಬಿಂದುಶ್ರೀ ಮುರಿದ ತುಂಡನ್ನೇ ನೋಡುತ್ತಿದ್ದಳು. ಒಂದರ ಹಿಂದೆ ಒಂದು ಲಾರಿಗಳು ಹೋಗುತ್ತಿದ್ದವು, ಪ್ರತಿ ಸಲ ಬೆಂಚು ನಡುಗುತ್ತಿತ್ತು. ಬಿಂದುಶ್ರೀ ಕೇಳಿದಳು.

"ನನ್ನದಾದ್ಮೇಲೆ ಇನ್ನೆಷ್ಟು ಸೈಕಲ್ ಮಾಡಿದ್ರು ಅಕ್ಕಾ?"

ಜೈಬಾಳ ಫೋನು ರಿಂಗಾಯಿತು. ಅತೀಕ್. "ಎತ್ತಿ ಆಯ್ತು" ಎಂದಷ್ಟೇ ಹೇಳಿ ಇಟ್ಟ.

*

ಸೈಕಲ್ಲನ್ನು ಟೀ ಅಂಗಡಿಯಲ್ಲೇ ಬಿಟ್ಟು ಇಬ್ಬರೂ ಸ್ಕೂಟರಿನಲ್ಲಿ ಖಬರಸ್ತಾನದ ಗೇಟಿಗೆ ಬಂದಾಗ ಒಳಗೆ ಮಣ್ಣು ಕೊಡುವುದು ನಡೆದಿತ್ತು. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲ. ಬೇವಿನ ಮರಗಳ ಸಂದಿಯಿಂದ ಬಿಳಿ ಟೋಪಿಗಳ ಗುಂಪು ಕಾಣುತ್ತಿತ್ತು. ಮುಷ್ಟಿ ಮುಷ್ಟಿ ಮಣ್ಣು ಬೀಳುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

ಜೈಬಾ ಗೇಟಿನಿಂದ ಕಣ್ಣು ತೆಗೆದು ಪಕ್ಕಕ್ಕೆ ತಿರುಗಿದಳು. ಕಾಂಪೌಂಡಿನ ಉದ್ದಕ್ಕೂ ಸೈಕಲ್ಲುಗಳು ಒರಗಿದ್ದವು. ಒಂಬತ್ತು. ಹಾಲಿನವನದು, ಅದರ ಎರಡೂ ಕಡೆ ಕ್ಯಾನಿನ ಕೊಕ್ಕೆ. ಸೊಪ್ಪಿನ ವ್ಯಾಪಾರಿಯದು. ಸರ್ಕಾರ ಶಾಲೆಯ ಮಕ್ಕಳಿಗೆ ಕೊಟ್ಟ ನೀಲಿ ಸೈಕಲ್ಲು ಎರಡು. ತಿಮ್ಮರಾಜುವಿನದು, ಮೊನ್ನೆ ಬ್ರೇಕು ಕಟ್ಟಿಸಿಕೊಂಡದ್ದು. ಎಲ್ಲವೂ ಅವಳು ಬಲ್ಲ ಸೈಕಲ್ಲುಗಳೇ. ಯಾವುದರ ಮೇಲೆ ಈ ಇಪ್ಪತ್ತು ದಿನದಲ್ಲಿ ಆ ಕೈ ಆಡಿತ್ತು, ಯಾವುದರ ಮೇಲೆ ಆಡಿರಲಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿಯದು.

ಅವಳು ದುಪಟ್ಟಾವನ್ನು ಮತ್ತೆ ಸೊಂಟಕ್ಕೆ ಬಿಗಿದು, ತಿಮ್ಮರಾಜುವಿನ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಹಿಂದಿನ ಬ್ರೇಕಿನ ತಂತಿಯನ್ನು ಬೆರಳಲ್ಲಿ ಎಳೆದಳು. ಅದು ಬಿಗಿಯಾಗಿತ್ತು. ಮುಂದಿನದನ್ನು ಎಳೆದಳು. ತಂತಿ ಪೂರ್ತಿ ಅವಳ ಕೈಗೆ ಬಂತು.

ಮೊದಲು ಹೊರಗೆ ಬಂದವನು ತಿಮ್ಮರಾಜುವೇ. ಅವಳನ್ನು ಕಂಡು ಗಾಬರಿಯಾದ.

"ಏನವ್ವಾ ಇದು, ಇವತ್ತೂ ಕೆಲ್ಸನಾ? ಏಳವ್ವಾ ಮನೆಗೋಗು. ಅಮ್ಮ ಒಬ್ರೇ ಇರ್ತಾರೆ."

"ಹತ್ತಬೇಡಿ ಅಣ್ಣಾ. ಯಾರೂ ಹತ್ತಬೇಡಿ. ಒಂದೊಂದಾಗಿ ನೋಡಿಕೊಡ್ತೀನಿ."

ತಿಮ್ಮರಾಜು ಅವಳ ಕೈಯಲ್ಲಿದ್ದ ತಂತಿಯನ್ನು ನೋಡಿದ. ಅತೀಕ್ ಗೇಟಿನಲ್ಲಿ ನಿಂತ. ತಂಗಿಯನ್ನು ಕಂಡ, ಹೆಲ್ಮೆಟ್ಟು ತೊಟ್ಟೇ ಗೋಡೆಗೆ ಒರಗಿ ನಿಂತಿದ್ದ ಗುಬ್ಬಿಯ ಹುಡುಗಿಯನ್ನು ಕಂಡ. ಮುಂದೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟ.

ಒಳಗಿನಿಂದ ಒಬ್ಬೊಬ್ಬರೇ ಬಂದರು. ಹಾಲಿನವನು ತನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದ, ಹತ್ತಲಿಲ್ಲ. ಅವನ ಹಿಂದೆ ಸೊಪ್ಪಿನವನು ಬಂದು ನಿಂತ. ಅವನ ಹಿಂದೆ ಇನ್ನೊಬ್ಬರು. ಮುಂದಿನವರು ಸರಿದಂತೆ ಹಿಂದಿನವರು ಒಂದೊಂದು ಹೆಜ್ಜೆ ತಳ್ಳಿಕೊಂಡು ಬಂದರು. ಗೋಡೆಯುದ್ದಕ್ಕೂ ಸಾಲು ಬೆಳೆಯಿತು. ಅವರ ಬೆರಳುಗಳಿಗೆ ಮೆತ್ತಿದ್ದ ಗೋರಿಯ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು, ಹ್ಯಾಂಡಲುಗಳಿಗೆ ಮೆಲ್ಲಗೆ ಹತ್ತುತ್ತಿತ್ತು.